ಟ್ಯೂಮರ್ ಅಂದ ತಕ್ಷಣ ಕ್ಯಾನ್ಸರ್ ಅಂದ್ಕೋಬೇಡಿ

ರಿಪೋರ್ಟಿನಲ್ಲಿ ಟ್ಯೂಮರ್ ಅಂತ ಕಂಡರೆ ಸಾಕು, ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲ್ಲ. ಹಾಗಂದರೆ ಏನು ಅಂತ ರೋಗಿಗೆ ಕೂರಿಸಿ ಹೇಳುವುದೂ ಚಿಕಿತ್ಸೆಯೇ. ಎರಡು ನಿಮಿಷ ಸಾಕು. ಡಾಕ್ಟರುಗಳು ಅದನ್ನೇ ಹೇಳಲ್ಲ ಅನ್ನೋದು ನನ್ನ ಸಿಟ್ಟು.

ಹೊಳೆನರಸೀಪುರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಭುಜದ ಮೇಲೆ ನಿಂಬೆಕಾಯಿ ಗಾತ್ರದ ಗಂಟಿತ್ತು. ಮೆತ್ತಗೆ, ಒತ್ತಿದರೆ ಬೆರಳಡಿ ಜಾರುತ್ತಿತ್ತು, ನೋವಿಲ್ಲ. ಹಾಸನದಲ್ಲಿ ತೋರಿಸಿದಾಗ 'ಬಿನೈನ್ ಟ್ಯೂಮರ್' ಅಂತ ಚೀಟಿ ಕೈಗಿಟ್ಟು ಮುಂದಿನವರನ್ನು ಕರೆದರು. "ನಂಗೆ ಕ್ಯಾನ್ಸರ್ ಕಣಪ್ಪಾ, ಮುಚ್ಚಿಡಬೇಡ" ಅಂತ ದಾರಿಯುದ್ದಕ್ಕೂ ಅತ್ತರು. ಅದು ಲಿಪೋಮಾ. ಬರೀ ಕೊಬ್ಬಿನ ಗಡ್ಡೆ!

ಟ್ಯೂಮರ್ ಅನ್ನೋ ಮಾತು ಬಂದಿದ್ದು ಲ್ಯಾಟಿನ್‌ನಿಂದ. ಅಲ್ಲಿ ತುಮೇರೆ ಅಂದರೆ ಊದಿಕೊಳ್ಳುವುದು, ತುಮೋರ್ ಅಂದರೆ ಊತ. ಅಷ್ಟೇ. ಸುಮಾರು 2000 ವರ್ಷದ ಹಿಂದೆ ವೈದ್ಯದ ಬಗ್ಗೆ ಪುಸ್ತಕ ಬರೆದ ರೋಮ್‌ನ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಅಲ್ಲಿ ಊತಕ್ಕೆ ಅವನು ಬಳಸಿದ್ದು ಇದೇ ತುಮೋರ್. ಅಂದರೆ ಮುಳ್ಳು ಚುಚ್ಚಿ ಬಾತುಕೊಂಡ ಕಾಲಿಗೂ ಈ ಮಾತು ಸಲ್ಲುತ್ತಿತ್ತು. ಜೀವಕೋಶಗಳು ಅಂಕೆ ತಪ್ಪಿ ಬೆಳೆದ ಗಡ್ಡೆಗೆ ಅದು ಮೀಸಲಾಗಿದ್ದು ಆಮೇಲೆ. ಕಾಲಲ್ಲಿ ನೀರು ತುಂಬಿ, ಬೆರಳಿಟ್ಟರೆ ಕುಳಿ ಬೀಳುತ್ತಲ್ಲ, ಅಂಥ ಊತಕ್ಕೆ ಈಗ ಡಾಕ್ಟರುಗಳು ಟ್ಯೂಮರ್ ಅನ್ನಲ್ಲ, ಎಡಿಮಾ ಅಂತಾರೆ. ಅದು ಗ್ರೀಕ್‌ನಿಂದ ಬಂದಿದ್ದು, ಅರ್ಥ ಅಲ್ಲೂ ಊತವೇ.

ಆಲೂಗಡ್ಡೆ ಬೆಳೆಯೋ ನಮ್ಮ ಜಿಲ್ಲೆಯವರಿಗೆ ಗಡ್ಡೆ ಅನ್ನೋ ಮಾತೇನೂ ಹೊಸದಲ್ಲ. ಹಾಗಾಗಿ ಸುಮ್ನೆ 'ಗಡ್ಡೆ ಇದೆ, ಹರಡುವಂಥದ್ದಲ್ಲ' ಅಂದರೂ ದೊಡ್ಡಮ್ಮನಿಗೆ ತಿಳಿಯುತ್ತಿತ್ತು. ಬಿನೈನ್ ಅಂದರೆ ಇಷ್ಟೇ: ಪಕ್ಕದ ಭಾಗಕ್ಕೆ ನುಗ್ಗಲ್ಲ, ದೂರದ ಅಂಗಕ್ಕೆ ಹರಡಲ್ಲ. ಹೆಂಗಸರ ಗರ್ಭಕೋಶದ ಫೈಬ್ರಾಯ್ಡ್‌ಗಳೂ ಹೆಚ್ಚುಕಮ್ಮಿ ಎಲ್ಲವೂ ಇದೇ ಜಾತಿ. ಮಲಿಗ್ನೆಂಟ್ ಅಂದಾಗ ಮಾತ್ರ ಅದು ಕ್ಯಾನ್ಸರ್. ಇನ್ನು ರಕ್ತದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಗಡ್ಡೆಯೇ ಕಾಣಲ್ಲ. ಹಾಗಿದ್ದ ಮೇಲೆ ಟ್ಯೂಮರ್, ಕ್ಯಾನ್ಸರ್ ಎರಡನ್ನೂ ಒಂದೇ ಅನ್ನೋದು ಹೇಗೆ, ಅಲ್ವಾ?

ಹಾಗಂತ ಗಂಟು ಕಂಡರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ. ಮಿದುಳಿನಲ್ಲಾದರೆ ಬಿನೈನ್ ಗಡ್ಡೆಯೂ ಒತ್ತಿ ತೊಂದರೆ ಕೊಡುತ್ತದೆ. ಗಟ್ಟಿಯಾಗಿದ್ದು ಅಲುಗಾಡದ, ದಿನೇದಿನೇ ದೊಡ್ಡದಾಗುವ ಗಂಟನ್ನು ನೋವಿಲ್ಲ ಅಂತ ಬಿಡಲೇಬೇಡಿ. ತೋರಿಸಿ, ಬೇಕೆಂದರೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿ. ಚೀಟಿ ಕೈಗೆ ಬಂದ ಕೂಡಲೇ ಎದ್ದು ಬರಬೇಡಿ. 'ಇದು ಹರಡುತ್ತಾ ಸಾರ್?' ಅಂತ ಕೇಳಿ, ಉತ್ತರ ತಿಳಿಯುವವರೆಗೂ ಕುರ್ಚಿ ಬಿಡಬೇಡಿ.