ಪಿರಮಿಡ್ಡಿಗೆ ನಲವತ್ತು ನಿಮಿಷ, ಅತ್ತರಿಗೆ ಒಂದೂವರೆ ಗಂಟೆ

ಈಜಿಪ್ಟಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೀಜಾದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದು ಅತ್ತರಿನ ಅಂಗಡಿ, ಒಂದು ಪ್ಯಾಪಿರಸ್ (ದಂಟಿನಿಂದ ಮಾಡುವ ಹಳೇ ಕಾಲದ ಕಾಗದ) ಅಂಗಡಿ, ಒಂದು ಹತ್ತಿ ಬಟ್ಟೆ ಅಂಗಡಿ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಾಗ ಜನ ಕಾಲು ಸಡಿಲ ಮಾಡಿಕೊಳ್ಳಲಿ ಅಂತ ನಡುವೆ ಮೂರು ಪಿರಮಿಡ್ ಕಟ್ಟಿಸಿಟ್ಟಿದ್ದಾರೆ.

ಟೂರ್ ಕಂಪನಿಯವರು ಕೊಡುವ ಹೊಳೆಯುವ ಕಾಗದದಲ್ಲಿ ಇದು ಗೊತ್ತಾಗುವುದಿಲ್ಲ. ಅಲ್ಲಿ ಪುಟದ ತುಂಬ ಪಿರಮಿಡ್ಡು. ದಪ್ಪ ಅಕ್ಷರದಲ್ಲಿ ‘ಮಧ್ಯಾಹ್ನ ದಕ್ಷಿಣ ಭಾರತದ ಊಟ’ ಅಂತ ಇರುತ್ತದೆ. ಅದರ ಕೆಳಗೆ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ, ‘ಪಿರಮಿಡ್ ಒಳಗೆ ಹೋಗುವ ಟಿಕೆಟ್ ಸೇರಿಲ್ಲ’. ಬೆಂಗಳೂರಿನಲ್ಲಿ ದುಡ್ಡು ಕಟ್ಟುವಾಗ ನಮ್ಮಲ್ಲಿ ಯಾರೂ ಟಿಕೆಟ್ ವಿಚಾರ ಕೇಳಿರಲಿಲ್ಲ. ಮೊಸರನ್ನ ಇರುತ್ತಾ ಅಂತ ಎಲ್ಲರೂ ಕೇಳಿದ್ದರು.

ಬಸ್ಸಿಳಿದ ಕೂಡಲೇ ಒಂಟೆಯವನೊಬ್ಬ ‘ಇಂಡಿಯಾ? ಅಮಿತಾಭ್ ಬಚ್ಚನ್!’ ಅಂದ. ಇನ್ನೊಬ್ಬ ‘ಶಾರುಖ್ ಖಾನ್!’ ಅಂದ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ರೇಗಿತು. ‘ರಾಜ್‌ಕುಮಾರ್ ಗೊತ್ತಾ?’ ಅಂತ ಕನ್ನಡದಲ್ಲೇ ಕೇಳಿದರು. ಅವನು ಒಂಟೆಯನ್ನು ಮಂಡಿ ಊರಿಸಿ ಕೂರಿಸಿಬಿಟ್ಟ. ಹತ್ತುವುದು ಫ್ರೀ ಅಂದ. ಫ್ರೀ ಅಂದಮೇಲೆ ನಮ್ಮವರು ಹತ್ತದೆ ಇರುತ್ತಾರಾ? ಇಳಿಯುವುದಕ್ಕೆ ದುಡ್ಡು ಅನ್ನುವುದು ಮೇಲೆ ಹೋದಮೇಲೆ ಗೊತ್ತಾಯಿತು. ಒಂಟೆಯ ಬೆನ್ನ ಮೇಲೆ ಕೂತು ಚೌಕಾಸಿ ಮಾಡುವುದು ಕಷ್ಟ. ಕೆಳಗಿರುವವನಿಗೆ ಅವಸರ ಇರುವುದಿಲ್ಲ.

ಅಷ್ಟರಲ್ಲಿ ಟೂರ್ ಮ್ಯಾನೇಜರ್ ಬಾವುಟ ಎತ್ತಿ ಕೂಗಿದರು. ‘ನಲವತ್ತು ನಿಮಿಷ ಟೈಮ್! ಫೋಟೋ ತೊಗೊಳ್ಳಿ, ವಾಶ್‌ರೂಮ್ ಆ ಕಡೆ!’

ಖುಫು ದೊರೆಯ ದೊಡ್ಡ ಪಿರಮಿಡ್ಡಿಗೆ ಸುಮಾರು 4,500 ವರ್ಷ. ಕಟ್ಟಿದಾಗ 146 ಮೀಟರಿಗೂ ಜಾಸ್ತಿ ಎತ್ತರ ಇತ್ತು. ಅದರಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ ಅಂತ ಲೆಕ್ಕ. ನಲವತ್ತು ನಿಮಿಷದಲ್ಲಿ ನೋಡಿ ಮುಗಿಸಬೇಕಾದರೆ ನಿಮಿಷಕ್ಕೆ 57,500 ಕಲ್ಲು ನೋಡಬೇಕು. ಕಟ್ಟಿದವರು ಇಪ್ಪತ್ತು ಚಿಲ್ಲರೆ ವರ್ಷ ತೊಗೊಂಡರಂತೆ. ಅವರಿಗೆ ಊಟಕ್ಕೆ ಒಂದು ಗಂಟೆಯೊಳಗೆ ಹೋಟೆಲ್ ತಲುಪುವ ಒತ್ತಡ ಇರಲಿಲ್ಲ ಅಂತ ಕಾಣುತ್ತೆ.

ಈ ನಲವತ್ತರಲ್ಲೂ ಮೂವತ್ತು ಫೋಟೋಗೆ ಹೋಯಿತು. ಪಿರಮಿಡ್ಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದ ಹಾಗೆ ಒಂದು ಫೋಟೋ ಇದೆಯಲ್ಲ, ಅದು ಕಡ್ಡಾಯ. ತೆಗೆದುಕೊಡಲು ಅಲ್ಲಿನ ಹುಡುಗನೊಬ್ಬ ತಾನಾಗಿಯೇ ಬಂದ. ಮರಳಲ್ಲಿ ಮೊಣಕಾಲೂರಿ ಕೂತ. ‘ಕೈ ಮೇಲೆ ಅಂಕಲ್, ಇನ್ನೂ ಮೇಲೆ, ಸ್ವಲ್ಪ ಎಡಕ್ಕೆ, ಬಾಯಿ ತೆಗೀರಿ’ ಅಂತ ಸನ್ನೆಯಲ್ಲೇ ಆಡಿಸಿದ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಯಾರ ಮಾತೂ ಕೇಳದವರು, ಬಿಸಿಲಲ್ಲಿ ಬಾಯಿ ತೆಗೆದು ಗಾಳಿಯನ್ನು ಚಿವುಟುತ್ತಾ ನಿಂತರು. ಆಮೇಲೆ ಟಿಪ್ಸ್ ಕೊಟ್ಟು ಫೋನ್ ವಾಪಸ್ ಪಡೆದರು. ಫೋಟೋದಲ್ಲಿ ಬೆರಳು ಒಂದು ಕಡೆ, ಪಿರಮಿಡ್ಡಿನ ತುದಿ ಇನ್ನೊಂದು ಕಡೆ. ಸಂಜೆ ಅದೇ ಫ್ಯಾಮಿಲಿ ಗ್ರೂಪಿಗೆ ಹೋಯಿತು.

ಉಳಿದ ಹತ್ತು ನಿಮಿಷ ಗೈಡ್‌ನದು. ಈಜಿಪ್ಟಿನಲ್ಲಿ ಗೈಡ್ ಆಗುವುದು ಸುಮ್ನೆ ಅಲ್ಲ. ಓದಿರಬೇಕು, ಸರ್ಕಾರದ ಲೈಸೆನ್ಸ್ ಬೇಕು. ನಮ್ಮವನು ಚೆನ್ನಾಗಿ ಓದಿಕೊಂಡಿದ್ದ ಅಂತ ನನಗೆ ಆಮೇಲೆ ಬಸ್ಸಲ್ಲಿ ಮಾತಾಡಿಸಿದಾಗ ಗೊತ್ತಾಯಿತು. ಆದರೆ ಅವನು ಬಾಯಿ ತೆಗೆಯುವ ಮೊದಲೇ ನಮ್ಮ ಕಡೆಯಿಂದ ಪ್ರಶ್ನೆ ಬಂತು. ‘ಇದನ್ನ ಏಲಿಯನ್ಸ್ ಕಟ್ಟಿದ್ದು ಅಲ್ವಾ?’

ಪಾಪ, ಅವನ ಮುಖ ನೋಡಬೇಕಿತ್ತು. ಪಿರಮಿಡ್ ಕಟ್ಟಿದವರ ಊರೇ ಅಲ್ಲಿಂದ ಕೂಗಳತೆಯಲ್ಲಿದೆ. ಸ್ಫಿಂಕ್ಸ್‌ನ ದಕ್ಷಿಣಕ್ಕೆ ಅಗೆದಾಗ ಅವರ ಬೀದಿಗಳು, ರೊಟ್ಟಿ ಸುಡುವ ಮನೆಗಳು, ತಿಂದು ಬಿಸಾಡಿದ ದನ, ಕುರಿ, ಮೀನಿನ ಮೂಳೆಗಳು ಸಿಕ್ಕಿವೆ. ಅವರ ಸಮಾಧಿಗಳು ಸಿಕ್ಕ ಕಥೆಯಂತೂ ಚೆನ್ನಾಗಿದೆ. 1990ರಲ್ಲಿ ಒಂದು ಕುದುರೆ ಮರಳಿನಡಿಯ ಮಣ್ಣಿಟ್ಟಿಗೆ ಗೋಡೆಗೆ ಎಡವಿತು. ಬಂದು ನೋಡಿದರೆ ಕೆಲಸಗಾರರ ಸ್ಮಶಾನ. ಅಂದರೆ ನಲವತ್ತು ನಿಮಿಷದ ನಮ್ಮಂಥ ಲಕ್ಷಾಂತರ ಜನಕ್ಕಿಂತ ಇತಿಹಾಸಕ್ಕೆ ಜಾಸ್ತಿ ಉಪಕಾರ ಆಗಿರುವುದು ಆ ಕುದುರೆಯಿಂದ. ಕಲ್ಲು ಎಳೆದ ತಂಡಗಳು ಪಿರಮಿಡ್ಡಿನ ಸಂದಿಗಳಲ್ಲಿ ತಮ್ಮ ಹೆಸರನ್ನೂ ಗೀಚಿದ್ದಾರೆ. ‘ಖುಫುವಿನ ಗೆಳೆಯರು’ ಅಂತ ಒಂದು ತಂಡ. ಮೆಂಕೌರೆ ದೊರೆಯ ಮೂರನೇ ಪಿರಮಿಡ್ಡಿನಲ್ಲಿ ‘ಮೆಂಕೌರೆಯ ಕುಡುಕರು’ ಅಂತ ಇನ್ನೊಂದು. ನಮ್ಮೂರಿನ ಕ್ರಿಕೆಟ್ ಟೀಮುಗಳಿಗೂ ಇಷ್ಟು ಪ್ರಾಮಾಣಿಕ ಹೆಸರು ಇಟ್ಟಿದ್ದು ನೋಡಿಲ್ಲ. ಬೇರೆ ಗ್ರಹದಿಂದ ಬಂದವರು ರೊಟ್ಟಿ ಸುಟ್ಟು, ಕುಡಿದು, ಗೋಡೆ ಮೇಲೆ ಹೆಸರು ಗೀಚುತ್ತಾರಾ?

ಇದೆಲ್ಲ ಹೇಳಲು ಗೈಡ್‌ಗೆ ಟೈಮ್ ಎಲ್ಲಿ? ‘ಇರಬಹುದು ಸಾರ್’ ಅಂತ ನಕ್ಕುಬಿಟ್ಟ.

ಮೂರನೇ ಪಿರಮಿಡ್ಡಿನ ಉತ್ತರ ಮುಖದಲ್ಲಿ ಮೇಲಿಂದ ಕೆಳಗೆ ಬಗೆದ ಹಾಗೆ ಒಂದು ಗಾಯ ಇದೆ. ಬಸ್ಸು ಅದನ್ನು ದೂರದಿಂದಲೇ ದಾಟಿತು. 1196ರಲ್ಲಿ ಈಜಿಪ್ಟಿನ ಸುಲ್ತಾನ, ಸಲಾದಿನ್‌ನ ಮಗ ಅಲ್-ಅಜೀಜ್ ಉಸ್ಮಾನ್‌ಗೆ ಪಿರಮಿಡ್ಡುಗಳನ್ನು ಕೆಡವುವ ಮನಸ್ಸಾಯಿತು. ಚಿಕ್ಕದರಿಂದ ಶುರು ಮಾಡಿಸಿದ. ದಿನಕ್ಕೆ ಒಂದೋ ಎರಡೋ ಕಲ್ಲು ಕಿತ್ತರಂತೆ. ಎಂಟು ತಿಂಗಳಾದಮೇಲೆ ಖರ್ಚು ನೋಡಿ ಕೈಬಿಟ್ಟರು. ಕೆಡವುವುದೂ ಕಟ್ಟುವಷ್ಟೇ ದುಬಾರಿ ಅಂತ ಗೊತ್ತಾಗಿ ನಿಂತುಹೋದ ಸರ್ಕಾರಿ ಕಾಮಗಾರಿ ಜಗತ್ತಲ್ಲಿ ಎಷ್ಟಿವೆ? ನಾನಾಗಿದ್ದರೆ ಬಸ್ಸನ್ನು ಅಲ್ಲೇ ನಿಲ್ಲಿಸುತ್ತಿದ್ದೆ.

ಸ್ಫಿಂಕ್ಸ್‌ಗೆ ಹದಿನೈದು ನಿಮಿಷ. ಮೂಗನ್ನು ನೆಪೋಲಿಯನ್ ಹಾರಿಸಿದ ಅಂತ ಟೂರ್ ಮ್ಯಾನೇಜರ್ ಹೇಳಿದರು. ನೆಪೋಲಿಯನ್ ಈಜಿಪ್ಟಿಗೆ ಬಂದದ್ದು 1798ರಲ್ಲಿ. ಡೆನ್ಮಾರ್ಕಿನಿಂದ ಬಂದ ಪ್ರವಾಸಿ ನಾರ್ಡೆನ್ 1737ರಲ್ಲೇ ಬರೆದ ಚಿತ್ರದಲ್ಲಿ ಮೂಗಿಲ್ಲ. ಇರಲಿ. ಎದುರುಗಡೆಯೇ ಪಿಜ್ಜಾ ಹಟ್ ಇದೆ, ಸ್ಫಿಂಕ್ಸ್ ಹಗಲೂ ರಾತ್ರಿ ಆ ಕಡೆಯೇ ನೋಡುತ್ತಾ ಕೂತಿದೆ. ಮೂಗು ಇಲ್ಲದ್ದೇ ಒಳ್ಳೆಯದಾಯಿತು.

ಇನ್ನು ಮುಖ್ಯ ಕಾರ್ಯಕ್ರಮಕ್ಕೆ ಬರೋಣ.

ಪ್ಯಾಪಿರಸ್ ಅಂಗಡಿಯನ್ನು ಅಂಗಡಿ ಅನ್ನಬಾರದು. ಬೋರ್ಡಿನಲ್ಲಿ ‘ಇನ್‌ಸ್ಟಿಟ್ಯೂಟ್’ ಅಂತ ಇರುತ್ತದೆ. ಏಸಿ ಹಾಕಿರುತ್ತಾರೆ. ಕೂರಿಸಿ ಕೆಂಪು ದಾಸವಾಳದ ಟೀ ಕೊಡುತ್ತಾರೆ. ಒಬ್ಬಾಕೆ ಹಸಿರು ದಂಟನ್ನು ತೆಳ್ಳಗೆ ಸೀಳಿ, ಕುಟ್ಟಿ, ಅಡ್ಡ ಉದ್ದ ಜೋಡಿಸಿ, ಪ್ರೆಸ್ಸಿಗೆ ಇಟ್ಟು ತೋರಿಸುತ್ತಾಳೆ. ಪಿರಮಿಡ್ಡಿನ ಬಗ್ಗೆ ಯಾರೂ ಇಷ್ಟು ತಾಳ್ಮೆಯಿಂದ ನಮಗೆ ಏನನ್ನೂ ಹೇಳಿರಲಿಲ್ಲ. ‘ಬೀದಿಯಲ್ಲಿ ಕೊಳ್ಳಬೇಡಿ, ಅದು ಬಾಳೆ ಎಲೆಯದ್ದು’ ಅಂತ ಕೊನೆಗೆ ಎಚ್ಚರಿಸಿದಳು. ನಮ್ಮವರು ಬೆಚ್ಚಿಬಿದ್ದರು. ಊಟ ಮಾಡಿ ಮಡಚಿ ಎಸೆಯುವುದನ್ನು ಡಾಲರ್ ಕೊಟ್ಟು ಫ್ರೇಮ್ ಹಾಕಿಸುವುದಾ?

ಚಿತ್ರದ ಕೆಳಗೆ ನಮ್ಮ ಹೆಸರನ್ನು ಹಳೇ ಈಜಿಪ್ಟಿನ ಲಿಪಿಯಲ್ಲಿ ಬರೆದುಕೊಡುತ್ತಾರೆ, ಅದಕ್ಕೆ ಬೇರೆ ರೇಟು. ಮಂಜುನಾಥ ಅನ್ನುವ ಹೆಸರು ಇಟ್ಟುಕೊಂಡವರ ಗತಿ ಕೇಳಿ. ಮೊದಲು ಗೂಬೆ, ಆಮೇಲೆ ರಣಹದ್ದು, ಆಮೇಲೆ ನೀರಿನ ಅಲೆ, ಆಮೇಲೆ ಹಾವು. ಹಾವು ಪರವಾಗಿಲ್ಲ, ಮಂಜುನಾಥನ ಕೊರಳಲ್ಲೂ ಇದೆ. ಆದರೆ ಗೂಬೆ? ಮನೆ ಕಾಂಪೌಂಡಿನ ಮೇಲೆ ಕೂತರೆ ಶಾಂತಿ ಮಾಡಿಸುವ ಜನ, ದುಡ್ಡು ಕೊಟ್ಟು ಗೂಬೆಯನ್ನು ಹಾಲ್‌ನಲ್ಲಿ ನೇತುಹಾಕುತ್ತಾರೆ.

ಇಷ್ಟೆಲ್ಲ ಪ್ಯಾಪಿರಸ್ ಪುರಾಣದಲ್ಲಿ ಒಂದೇ ಒಂದು ಹೆಸರು ಬರಲಿಲ್ಲ. ಮೆರೆರ್. ಖುಫು ಕಾಲದ ಮಧ್ಯಮ ದರ್ಜೆ ಅಧಿಕಾರಿ, ಒಂದು ದೋಣಿ ತಂಡದ ಮೇಸ್ತ್ರಿ ಅನ್ನಿ. ಅವನು ಪ್ಯಾಪಿರಸ್ ಮೇಲೆ ಬರೆದ ಕೆಲಸದ ಡೈರಿ 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಫ್ರಾನ್ಸಿನ ಪಿಯರ್ ಟಾಲೆ ಅವರ ತಂಡಕ್ಕೆ ಸಿಕ್ಕಿತು. ಬರಹ ಇರುವ ಪ್ಯಾಪಿರಸ್‌ಗಳಲ್ಲಿ ಅದಕ್ಕಿಂತ ಹಳೆಯದು ಇದುವರೆಗೆ ಸಿಕ್ಕಿಲ್ಲ. ಅದರಲ್ಲಿ ರಾಣಿ ಇಲ್ಲ, ದೇವತೆಯ ಬಣ್ಣದ ಚಿತ್ರ ಇಲ್ಲ. ತುರಾದ ಗಣಿಯಲ್ಲಿ ಸುಣ್ಣದ ಕಲ್ಲು ತುಂಬಿದೆವು, ನದಿಯಲ್ಲಿ ಹೊರಟೆವು, ರಾತ್ರಿ ಇಂಥಲ್ಲಿ ತಂಗಿದೆವು, ಖುಫುವಿನ ಪಿರಮಿಡ್ಡಿಗೆ ತಲುಪಿಸಿದೆವು, ಮತ್ತೆ ವಾಪಸ್. ಅಷ್ಟೇ. ನಾವು ಬೆರಳಲ್ಲಿ ಚಿವುಟಿ ಬಂದ ಕಟ್ಟಡಕ್ಕೆ ಕಲ್ಲು ಹೊತ್ತವನೇ ಬರೆದಿಟ್ಟ ಲೆಕ್ಕ. ಮೆರೆರ್ ಅಂತ ನಾನು ಕೇಳಿದ್ದಕ್ಕೆ ಸೇಲ್ಸ್ ಹುಡುಗ ‘ಆ ಡಿಸೈನ್ ಇಲ್ಲ ಸಾರ್, ಕ್ಲಿಯೋಪಾತ್ರ ಇದೆ’ ಅಂದ.

ಅತ್ತರಿನ ಅಂಗಡಿಯಲ್ಲೂ ಕ್ಲಿಯೋಪಾತ್ರಳೇ. ಆಕೆ ಹಚ್ಚುತ್ತಿದ್ದ ಸೆಂಟು ಅಂತ ಒಂದು ಸೀಸೆ. ದೊಡ್ಡ ಪಿರಮಿಡ್ ಎದ್ದು ಸುಮಾರು 2,500 ವರ್ಷ ಆದಮೇಲೆ ಬಂದವಳು ಅವಳು. ಲೆಕ್ಕ ಹಾಕಿದರೆ ಅವಳಿಗೆ ಪಿರಮಿಡ್ಡಿಗಿಂತ ನಾವೇ ಹತ್ತಿರ. ಒಂದೂವರೆ ಗಂಟೆ ನಮ್ಮ ಮೊಣಕೈ ತನಕ ಒಂದೊಂದು ವಾಸನೆ ಹಚ್ಚಿದರು. ಬಸ್ಸು ಮದುವೆ ಮನೆಯ ಹಾಗೆ ಘಮ್ಮೆನ್ನುತ್ತಿತ್ತು.

ಇದಕ್ಕೆ ಗೈಡ್‌ನ್ನು ಬಯ್ಯಬೇಡಿ. ನಾವೇ ಬೆಂಗಳೂರಿನಲ್ಲಿ ‘ಪಕ್ಕದ ಟ್ರಾವೆಲ್ಸ್‌ನವರು ಐದು ಸಾವಿರ ಕಮ್ಮಿಗೆ ಕರ್ಕೊಂಡು ಹೋಗ್ತಾರೆ ರೀ’ ಅಂತ ಚೌಕಾಸಿ ಮಾಡಿ ಇಳಿಸಿದ್ದೆವು. ಇಳಿಸಿದ ದುಡ್ಡು ಎಲ್ಲಿಂದಲಾದರೂ ಬರಬೇಕಲ್ಲ. ಅಂಗಡಿಯವನು ಕಮಿಷನ್ ಕೊಡುತ್ತಾನೆ, ಪಿರಮಿಡ್ ಕೊಡುವುದಿಲ್ಲ. ಖುಫು ಕಮಿಷನ್ ಕೊಡುವ ಹಾಗಿದ್ದರೆ ಅವನಿಗೂ ಒಂದೂವರೆ ಗಂಟೆ ಸಿಗುತ್ತಿತ್ತು.

ರಾತ್ರಿ ಫೀಡ್‌ಬ್ಯಾಕ್ ಫಾರ್ಮ್ ಕೊಟ್ಟರು. ಹೋಟೆಲ್, ಬಸ್, ಊಟ, ಟೂರ್ ಮ್ಯಾನೇಜರ್, ಎಲ್ಲಕ್ಕೂ ಐದು ನಕ್ಷತ್ರದ ಸಾಲು ಇತ್ತು. ಪಿರಮಿಡ್ಡಿಗೆ ಸಾಲು ಇರಲಿಲ್ಲ. ಊಟಕ್ಕೆ ಮಾತ್ರ ಎಲ್ಲರೂ ಒಂದು ನಕ್ಷತ್ರ ಕಮ್ಮಿ ಕೊಟ್ಟರು. ಮೊಸರು ಹುಳಿ ಇತ್ತಂತೆ.