ಗೀಜಗನ ಗೂಡಿನಲ್ಲಿ ಮಿಂಚುಹುಳುವಿನ ದೀಪ: ಸತ್ಯಾಂಶ

ಗೀಜಗ ಹಕ್ಕಿ ಮಿಂಚುಹುಳುಗಳನ್ನು ಹಸಿಮಣ್ಣಿಗೆ ಅಂಟಿಸಿ ಗೂಡಿಗೆ ದೀಪ ಮಾಡಿಕೊಳ್ಳುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ, ಅದು ನಿಜವಲ್ಲ. ಗೂಡಿನೊಳಗೆ ಮಣ್ಣಿನ ಮುದ್ದೆಗಳಿರುವುದು ಮಾತ್ರ ದಿಟ, ಬಹುಶಃ ಕಥೆ ಹುಟ್ಟಿದ್ದೂ ಅಲ್ಲಿಂದಲೇ. ಹುಲ್ಲಿನ, ತೆಂಗಿನ ಗರಿಯ ಎಳೆಗಳನ್ನು ಸೀಳಿ ತಂದು ಗೂಡನ್ನು ಅರ್ಧ ನೇಯ್ದು ಹೆಣ್ಣಿನ ಒಪ್ಪಿಗೆಗೆ ಕಾಯುವ ಗಂಡು, ಆ ಹಂತದಲ್ಲೇ ಒಳಗೋಡೆಗೆ ಮಣ್ಣು ಮೆತ್ತುತ್ತದೆ; ಗಾಳಿಗೆ ಗೂಡು ಹೊಯ್ದಾಡದಿರಲಿ ಎಂಬ ಭಾರ ಅದಿರಬಹುದೆಂಬುದು ಒಂದು ವಿವರಣೆ. ಕತ್ತಲಾದೊಡನೆ ಮಲಗುವ ಹಕ್ಕಿಗೆ ದೀಪವೇಕೆ? ಅಂಟಿಸಿದ ಹುಳು ಸತ್ತರೆ ಬೆಳಕೂ ಆರುತ್ತದೆ.

ಮರಿಗಳು ಹಾರಿಹೋದ ಮೇಲೆ, ಬಾವಿಯ ಪಕ್ಕದ ಮರದಡಿ ಉದುರಿಬಿದ್ದ ಗೂಡನ್ನು ನೀವೇ ಬಿಡಿಸಿ ನೋಡಬಹುದು: ಸಿಗುವುದು ಒಣಮಣ್ಣು. ಸಂದೇಶದೊಂದಿಗೆ ಚಿತ್ರವಿದ್ದರೆ ಮೊದಲು ಹಕ್ಕಿಯನ್ನು ಗುರುತಿಸಿ. ಸಂತಾನಕಾಲದ ಗಂಡು ಗೀಜಗಕ್ಕೆ ಹಳದಿ ನೆತ್ತಿ, ಕಡುಗಂದು ಮುಖ, ಗೀರುಗಳಿಲ್ಲದ ಎದೆ.