ತಟ್ಟೆ ಖಾಲಿ ಕಳಿಸುವಂತಿಲ್ಲ

ನಮ್ಮ ಮನೆಗೂ ಪಕ್ಕದ ಟೀಚರ್ ಮನೆಗೂ ನಡುವೆ ಒಂದು ಸ್ಟೀಲ್ ತಟ್ಟೆ ಇಪ್ಪತ್ತು ವರ್ಷಗಳಿಂದ ಓಡಾಡುತ್ತಿದೆ. ಮೂಲದಲ್ಲಿ ಅದು ಯಾರ ಮನೆಯದು ಎನ್ನುವುದು ಈಗ ಇಬ್ಬರಿಗೂ ಗೊತ್ತಿಲ್ಲ. ಅಂಚಿನಲ್ಲಿ ಕೊರೆಸಿದ್ದ ಹೆಸರು ಬೂದಿ, ಸಬೀನಾ, ತೆಂಗಿನ ನಾರು ಎಲ್ಲವನ್ನೂ ಕಂಡು ಅಳಿಸಿಹೋಗಿದೆ. ಚೌತಿಗೆ ನಮ್ಮ ಚಕ್ಕುಲಿ ಹೊತ್ತು ಆ ಕಡೆ ಹೋಗುತ್ತದೆ, ಕ್ರಿಸ್‌ಮಸ್‌ಗೆ ಅವರ ಹಬ್ಬದ ತಿಂಡಿ ಕುಸ್ವಾರ್ ಹೊತ್ತು ಈ ಕಡೆ ಬರುತ್ತದೆ. ಖಾಲಿ ಹೋಗುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಬೇಕು.

ಕಳೆದ ವರ್ಷ ಈ ವ್ಯವಹಾರ ಕೆಟ್ಟಿತು. ಚೌತಿಗೆ ನಮಗೆ ಸೂತಕ, ಚಕ್ಕುಲಿ ಮಾಡಲಿಲ್ಲ, ತಟ್ಟೆ ನಮ್ಮಲ್ಲೇ ಉಳಿಯಿತು. ನವೆಂಬರಿನಲ್ಲಿ ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೊರಟಳು. ಸಾಗರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಹೊರಡುವ ಹೊತ್ತಿಗೆ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು: "ಕ್ರಿಸ್‌ಮಸ್ಸಿನ ಒಳಗೆ ಟೀಚರ್ ಮನೆ ತಟ್ಟೆ ವಾಪಸು ಹೋಗ್ಬೇಕು. ಪೇಟೆಯಿಂದ ಸ್ವೀಟ್ ಬಾಕ್ಸ್ ತಂದು ಇಟ್ಟು ಕಳಿಸಿ ಮರ್ಯಾದೆ ತೆಗೀಬೇಡಿ. ಮನೇಲೇ ಮಾಡಿದ್ದು ಏನಾದ್ರೂ ಇರ್ಲಿ."

ಮನೆಯಲ್ಲಿ ಇದ್ದವನು ನಾನೊಬ್ಬ.

ನನ್ನ ಕೈಗಳ ವಿಷಯ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಆನೆಯ ಸಾಲು, ಬಳ್ಳಿಯ ಸುಳಿ ಎಲ್ಲ ಕೊರೆದು ತೆಗೆಯುತ್ತಾರೆ. ಇಲ್ಲಿನ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚ ಹಿಡಿದು ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರದ ಗೆರೆ ಎಳೆದರೆ ದಾರ ಹಿಡಿದು ಎಳೆದಂತಿರುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿದ ನಾನು ಉಡುಗೊರೆಯ ಪೊಟ್ಟಣಕ್ಕೆ ಕಾಗದ ಸುತ್ತಿದರೆ ಮಗು ಸುತ್ತಿದ್ದಾ ಎಂದು ಕೇಳುತ್ತಾರೆ. ಏಳನೇ ಕ್ಲಾಸಿನಲ್ಲಿದ್ದಾಗ ಬಿದಿರಿನ ಸೀಳು, ಬಣ್ಣದ ಕಾಗದ ತಂದು ಕ್ರಿಸ್‌ಮಸ್ ನಕ್ಷತ್ರ ಕಟ್ಟಿದ್ದೆ. ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ತುದಿಗಳನ್ನು ಜೋಡಿಸಿ, ನಡುವೆ ಗಿಡ್ಡ ಕಡ್ಡಿ ಕೊಟ್ಟು ಹೊಟ್ಟೆ ಉಬ್ಬಿಸಬೇಕು, ಅಷ್ಟೇ ಕೆಲಸ. ಜಗಲಿಯಲ್ಲಿ ತೂಗುಹಾಕಿದ್ದನ್ನು ನೋಡಿ ಅಪ್ಪಯ್ಯ, "ಏಡಿ ಯಾಕೆ ಕಟ್ಟಿದ್ಯಾ?" ಎಂದು ಕೇಳಿದರು. ಅಂದಿನಿಂದ ಆ ದಾರಿಗೆ ಹೋಗಿಲ್ಲ.

ಅತ್ತ ಟೀಚರ್ ಕಳಿಸುವ ತಟ್ಟೆ ಎಂಥದ್ದು ಎಂದರೆ, ಅದರಲ್ಲಿ ಕರ್ಜಿಕಾಯಿಯ ತಮ್ಮನಂತಿರುವ ನೆವ್ರಿ, ಅಚ್ಚಿನಲ್ಲಿ ಅದ್ದಿ ಕರಿದ ಗುಲಾಬಿ ಹೂವು, ಜೊತೆಗೆ ಕಿಡಿಯೊ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ಚಿಟಿಕೆಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಒಂದೊಂದು ಹುಳುವೂ ಕೈಯಲ್ಲೇ ಆಗಬೇಕು. ಸಾಲದ್ದಕ್ಕೆ ಪ್ರತಿ ವರ್ಷ ಬಾಗಿಲಲ್ಲಿ ನಿಂತು, "ಭಟ್ರೇ, ನಿಮ್ದು ಬೇರೆ ಕಲಸಿದ್ದು, ಮೊಟ್ಟೆ ಹಾಕಿಲ್ಲ" ಎನ್ನುತ್ತಾರೆ. ನಮಗಾಗಿ ಎರಡನೇ ಹಿಟ್ಟು! ಆ ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಲು ಮನುಷ್ಯನಿಗೆ ಮುಖ ಬೇಕು.

ಮೊದಲು ಕೈ ಹಾಕಿದ್ದು ಕರ್ಚೀಫಿಗೆ. ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ. ಹಸಿ ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಹಂಡೆಗಟ್ಟಲೆ ಬಿಟ್ಟಿ ಸಿಗುತ್ತದೆ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದಲ್ಲಿ ಈ ಚೊಗರಿನಿಂದಲೇ ನೂಲಿಗೆ ಬಣ್ಣ ಕಟ್ಟುತ್ತಾರೆ. ಅದ್ದುವುದಕ್ಕೆ ಎಂಥ ಕೈಚಳಕ ಬೇಕು ಎಂದುಕೊಂಡು ಆರು ಬಿಳಿ ಕರ್ಚೀಫಿಗೆ ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಮುಳುಗಿಸಿಟ್ಟೆ. ಹೊಸ ಬಟ್ಟೆಯ ಗಂಜಿಯನ್ನು ಮೊದಲು ಒಗೆದು ತೆಗೆಯಬೇಕು, ಪಟಕದ ನೀರು ಕುಡಿಸಬೇಕು, ಇಲ್ಲವಾದರೆ ಬಣ್ಣ ಒಂದು ಕಡೆ ಹಿಡಿದು ಒಂದು ಕಡೆ ಬಿಡುತ್ತದೆ ಎಂದು ಅಡಿಕೆ ಸುಲಿಯುವ ಹೆಂಗಸರು ಹೇಳಿದರು. ಹೇಳಿದ್ದು ಮರುದಿನ ಬೆಳಿಗ್ಗೆ. ಆರೂ ಕರ್ಚೀಫು ಕವಳ ಹಾಕಿದವರು ಬಾಯಿ ಒರೆಸಿ ಎಸೆದಂತೆ ಕಾಣುತ್ತಿದ್ದವು. ಸಮನಾಗಿ ಬಣ್ಣ ಹಿಡಿದದ್ದು ನನ್ನ ಅಂಗೈ ಮಾತ್ರ. ಅದು ಹತ್ತು ದಿನ ಹೋಗಲಿಲ್ಲ.

ಎರಡನೆಯದು ಬಾಟ್ಲಿ. ಇದರಲ್ಲಿ ನಾನು ಸೋತೆ ಎಂದು ಈಗಲೂ ಒಪ್ಪುವುದಿಲ್ಲ. ಅಟ್ಟದ ಮೇಲೆ ಹಳೆಯ ಹಾರ್ಲಿಕ್ಸ್ ಬಾಟ್ಲಿ ಇತ್ತು, ಗಾಜಿನದು. ಕಷಾಯದ ಸಾಮಾನೆಲ್ಲ ಅದರಲ್ಲಿ ಪದರ ಪದರವಾಗಿ ತುಂಬಿದೆ: ಒಂದು ಪಾವು ಕೊತ್ತಂಬರಿ ಬೀಜ, ಅದರರ್ಧ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ, ಮೇಲೆ ಏಲಕ್ಕಿ, ಹೆಬ್ಬೆರಳಷ್ಟು ಒಣಶುಂಠಿ. ಮೊದಲ ಸಲ ಜೀರಿಗೆಯನ್ನು ಕೊತ್ತಂಬರಿಯ ಮೇಲೆ ಸುರಿದೆ. ಸಂದಿ ಹುಡುಕಿಕೊಂಡು ಎಲ್ಲವೂ ಕೆಳಗೆ ಇಳಿಯಿತು, ಪದರ ಹೋಗಿ ಸಂತೆಯಾಯಿತು. ಮೊರದಲ್ಲಿ ಸುರಿದು, ಕೇರಿ, ಆರಿಸಿ, ಮತ್ತೆ ತುಂಬಿದೆ. ಸಣ್ಣ ಕಾಳು ತಳಕ್ಕೆ, ದಪ್ಪ ಕಾಳು ಮೇಲಕ್ಕೆ, ಅಲುಗಾಡಲು ಜಾಗವೇ ಇಲ್ಲದಂತೆ ಬಾಯಿಯವರೆಗೆ. ಮೆಂತ್ಯದ ಹಳದಿ, ಜೀರಿಗೆಯ ಕಂದು, ಮೆಣಸಿನ ಕಪ್ಪು, ಕೊತ್ತಂಬರಿಯ ಬೂದು, ಏಲಕ್ಕಿಯ ಹಸಿರು. ಕಿಟಕಿಯಲ್ಲಿಟ್ಟರೆ ಕಡಿದ ಧರೆಯ ಮಣ್ಣಿನ ಪಟ್ಟೆಯಂತೆ ಚಂದ ಕಂಡಿತು. ವಿಡಿಯೊ ಕಾಲಿನಲ್ಲಿ ಹೆಂಡತಿಗೆ ತೋರಿಸಿದೆ.

"ಹುರಿದಿಲ್ಲ, ಪುಡಿ ಮಾಡಿಲ್ಲ. ಇದ್ರಲ್ಲಿ ನೀವು ಮಾಡಿದ್ದು ಎಂತದು?"

"ತುಂಬಿದ್ದು."

"ಕೆಲಸವನ್ನೆಲ್ಲ ಅವರಿಗೇ ಬಿಟ್ಟು ಉಡುಗೊರೆ ಅಂತೀರಾ? ಕ್ರಿಸ್‌ಮಸ್ ಅಡುಗೆಯ ನಡುವೆ ಟೀಚರ್ ನಿಮ್ಮ ಕಾಳು ಹುರೀತಾ ಕೂರ್ಬೇಕಾ?"

ನನಗೆ ಬೈಬಲ್ಲಿನ ಜೋಯಿಸರು ನೆನಪಾದರು. ಮೂಡಣ ದೇಶದಿಂದ ನಕ್ಷತ್ರ ನೋಡಿಕೊಂಡು ಬಂದ ಅವರು ಕೊಟ್ಟದ್ದು ಚಿನ್ನ, ಧೂಪ, ರಕ್ತಬೋಳ. (ಮೂವರು ಎಂದು ಎಲ್ಲರೂ ಹೇಳುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಲೆಕ್ಕ ಇಲ್ಲ, ಉಡುಗೊರೆ ಮೂರು ಅಷ್ಟೇ.) ಧೂಪವೂ ರಕ್ತಬೋಳವೂ ಮರದ ಅಂಟು. ಮರಕ್ಕೆ ಕಚ್ಚು ಹಾಕಿದರೆ ಒಸರುತ್ತದೆ, ಒಣಗಿದ ಮೇಲೆ ಕೆರೆದು ತೆಗೆಯುತ್ತಾರೆ, ನಮ್ಮ ಘಟ್ಟದ ಕಾಡಿನಲ್ಲಿ ಹಾಲುಮಡ್ಡಿ ತೆಗೆದ ಹಾಗೆ. ಜೋಯಿಸರು ಅದನ್ನು ಕುಟ್ಟಿಕೊಂಡು ಬಂದರು, ಅರೆದುಕೊಂಡು ಬಂದರು ಎಂದು ಎಲ್ಲೂ ಇಲ್ಲ. ತುಂಬಿಕೊಂಡು ಬಂದರು, ಕೊಟ್ಟರು. ಈ ವಾದವನ್ನು ಹೆಂಡತಿಯ ಮುಂದಿಟ್ಟೆ. ಆ ಕಡೆ ಮೊಮ್ಮಗು ಅತ್ತಿತು, ಫೋನ್ ಕಟ್ಟಾಯಿತು.

ದೊಡ್ಡಪತ್ರೆಯ ಗೆಲ್ಲನ್ನು ತೆಂಗಿನ ಚಿಪ್ಪಿನಲ್ಲಿ ನೆಡುವ ಯೋಚನೆಯೂ ಬಂದಿತ್ತು. ಚಿಪ್ಪಿನ ಮೂರು ಕಣ್ಣಲ್ಲಿ ಮೆತ್ತಗಿರುವ ಒಂದನ್ನು ಚುಚ್ಚಿದರೆ ನೀರು ಇಳಿಯಲು ದಾರಿಯಾಯಿತು. ಆದರೆ ಟೀಚರ್ ಮನೆಯ ಅಂಗಳದಲ್ಲಿ ದೊಡ್ಡಪತ್ರೆ ಆಳೆತ್ತರಕ್ಕೆ ಹಬ್ಬಿದೆ. ನಮ್ಮಲ್ಲಿರುವುದೇ ಅಲ್ಲಿಂದ ಮುರಿದು ತಂದದ್ದು.

ಕೊನೆಗೆ ದಾರಿ ತೋರಿಸಿದ್ದು ಅವರ ಮನೆಯ ಕೋಳಿ. ಪ್ರತಿ ಡಿಸೆಂಬರಿನಲ್ಲಿ ಟೀಚರ್ ಜಗಲಿಯ ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಾರೆ. ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುವ ಜಾಗಕ್ಕೆ ನಾವು ಹೇಳುವುದೂ ಇದೇ ಹೆಸರೇ. ಮೊದಲ ಗೋದಲಿಯನ್ನು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಮಾಡಿಸಿದ್ದಂತೆ, ಗೊಂಬೆ ಗಿಂಬೆ ಇಲ್ಲ, ನಿಜವಾದ ಎತ್ತು, ನಿಜವಾದ ಕತ್ತೆ, ನಿಜವಾದ ಹುಲ್ಲು. ಇದನ್ನು ಹೇಳಿದವರು ಟೀಚರೇ. ಅವರ ಗೋದಲಿಯ ಸುತ್ತಲೂ ರಾಗಿ ಮೊಳಕೆಯ ಹಸಿರು ಇರುತ್ತಿತ್ತು. ಹೋದ ಸಲ ಮಾತ್ರ ಬೇಲಿ ನುಗ್ಗಿದ ಕೋಳಿ ಮೊಳಕೆಯನ್ನೆಲ್ಲ ಕೆದಕಿ ತಿಂದು, ಕುರುಬರ ಗೊಂಬೆಗಳು ಬರೀ ಹಸಿರು ಕಾಗದದ ಮೇಲೆ ಕುರಿ ಕಾದವು. ನಮ್ಮ ಮನೆಯಲ್ಲಿ ಕೋಳಿ ಇಲ್ಲ!

ನಮ್ಮದು ಅಕ್ಕಿಯ ಸೀಮೆ, ಮನೆಯಲ್ಲಿ ರಾಗಿ ಕಾಳು ಇರಲಿಲ್ಲ. ಅಂಗಡಿಯಲ್ಲಿ "ಒಂದು ಹಿಡಿ ಸಾಕಿತ್ತು" ಎಂದೆ. ಅವನು ನನ್ನ ಮುಖ ನೋಡಿದ. ನಾಚಿಕೆಗೆ ಒಂದು ಕೆಜಿ ತೆಗೆದುಕೊಂಡೆ. ಹಿಡಿಯಷ್ಟನ್ನು ರಾತ್ರಿ ನೆನೆಹಾಕಿ, ಡಿಸೆಂಬರ್ 9ರ ಬೆಳಿಗ್ಗೆ ಬಿತ್ತಿದೆ. ಬೇರೆ ಯಾವುದರಲ್ಲೂ ಅಲ್ಲ, ಆ ತಟ್ಟೆಯಲ್ಲೇ. ಒಂದು ಬೆರಳು ದಪ್ಪ ಮಣ್ಣು, ಒಣಗಿದ ಸಗಣಿ ಗೊಬ್ಬರದ ಪುಡಿ, ಮೇಲೆ ಒತ್ತೊತ್ತಾಗಿ ಕಾಳು, ಅದರ ಮೇಲೆ ಒದ್ದೆ ಬಟ್ಟೆ. ತಟ್ಟೆಗೆ ತೂತಿಲ್ಲದ್ದರಿಂದ ನೀರು ಸುರಿಯುವಂತಿಲ್ಲ, ಕೈಯಲ್ಲಿ ಚಿಮುಕಿಸಬೇಕು. ನಾನು ಜೀವನದಲ್ಲಿ ಚೆನ್ನಾಗಿ ಮಾಡಿದ ಮೊದಲ ಕೈಕೆಲಸ ಈ ಚಿಮುಕಿಸುವಿಕೆ. ನಾಲ್ಕನೇ ದಿನ ಬಟ್ಟೆ ಎತ್ತಿದರೆ ಬಿಳಿ ಎಳೆಗಳು. ಬಟ್ಟೆ ತೆಗೆದು ತಟ್ಟೆಯನ್ನು ಅಡುಗೆಮನೆಯ ಕಿಟಕಿಗೆ ಇಟ್ಟೆ. ಎರಡು ದಿನಕ್ಕೆ ಹಸಿರಾಯಿತು. ಬೆಳಿಗ್ಗೆ ಇಬ್ಬನಿಯಲ್ಲಿ ಎದ್ದು, ಕಾಫಿಗೂ ಮೊದಲು ಅದನ್ನು ನೋಡಲು ಹೋಗುತ್ತಿದ್ದೆ. ಮಗಳು ಫೋಟೊ ಕೇಳಿದರೆ ಮೊಮ್ಮಗುವಿನದು ಕಳಿಸು ಎನ್ನುವುದನ್ನು ಮರೆತು ರಾಗಿಯದು ಕಳಿಸುತ್ತಿದ್ದೆ.

22ಕ್ಕೆ ಹೆಬ್ಬೆರಳುದ್ದ ಬೆಳೆದಿತ್ತು. ಆಗ ಗಮನಿಸಿದೆ, ಪೈರೆಲ್ಲ ಒಂದೇ ಕಡೆ ವಾಲಿದೆ. ಬೆಳಕು ಬರುವುದು ಒಂದೇ ಕಿಟಕಿಯಿಂದ, ಅದರ ಕಡೆಗೇ ಎಲ್ಲವೂ ಕತ್ತು ನೀಡಿವೆ. "ದಿನಾ ತಟ್ಟೆ ತಿರುಗಿಸ್ಬೇಕಿತ್ತು, ಅಷ್ಟೂ ಗೊತ್ತಿಲ್ವಾ?" ಎಂದಳು ಹೆಂಡತಿ. ಇಷ್ಟು ದಿನ ಹೇಳದೆ ಇದ್ದವಳು! ಮತ್ತೆ ಬಿತ್ತಲು ಸಮಯವಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಬೇಲಿ ದಾಟಿ, ಕೋಳಿಯನ್ನು ಕಾಲಲ್ಲಿ ಅತ್ತ ಸರಿಸಿ ಕೊಟ್ಟು ಬಂದೆ. ವಾಲಿದ್ದನ್ನೂ ಹೇಳಿದೆ.

ಟೀಚರ್ ಮಾತಾಡಲಿಲ್ಲ. ತಟ್ಟೆಯನ್ನು ಗೋದಲಿಯ ಎದುರಿಟ್ಟು, ಸ್ವಲ್ಪ ತಿರುಗಿಸಿ, ಹಿಂದೆ ಸರಿದು ನೋಡಿ, ಇನ್ನೊಂದಿಷ್ಟು ತಿರುಗಿಸಿದರು. ಬಾಲಯೇಸುವನ್ನು ಇಡುವುದು 24ರ ನಡುರಾತ್ರಿ, ಅಲ್ಲಿಯವರೆಗೆ ನಡುವಿನ ಹುಲ್ಲಿನ ಹಾಸಿಗೆ ಖಾಲಿ. ನನ್ನ ರಾಗಿ ಪೈರು ಅಷ್ಟೂ ಆ ಖಾಲಿ ಹಾಸಿಗೆಯ ಕಡೆಗೆ ಬಾಗಿ ನಿಂತಿತ್ತು.

"ಬೇಕಂತಲೇ ಹೀಗೆ ಬೆಳೆಸಿದ್ರಾ ಭಟ್ರೇ?" ಎಂದು ಕೇಳಿದರು.

"ಹೌದು" ಎಂದೆ.

24ರ ಸಂಜೆ ಕುಸ್ವಾರ್ ಬಂತು, ಮೊಟ್ಟೆ ಹಾಕದ್ದು. ಹಳೆಯ ತಟ್ಟೆ ಗೋದಲಿಯಲ್ಲಿದೆ, ಜನವರಿ 6ರ ಮೂವರು ರಾಯರ (ಅದೇ ಜೋಯಿಸರ) ಹಬ್ಬದವರೆಗೆ ಅದನ್ನು ಕದಲಿಸುವುದಿಲ್ಲವಂತೆ. ಹಾಗಾಗಿ ಬಂದದ್ದು ಬೇರೆ ತಟ್ಟೆ, ಹೊಸದು, ಅಂಚಿನಲ್ಲಿ ಅವರ ಮನೆಯ ಹೆಸರು ಇನ್ನೂ ಹೊಳೆಯುತ್ತಿದೆ. ಕಿಡಿಯೊ ಮೂರೇ ದಿನಕ್ಕೆ ಮುಗಿಯಿತು. ತಟ್ಟೆ ತೊಳೆದು ಕಟ್ಟೆಯ ಮೇಲೆ ಕವುಚಿ ಹಾಕಿದ್ದೇನೆ, ಹೆಂಡತಿ ಬರುವುದು ಸಂಕ್ರಾಂತಿ ಕಳೆದ ಮೇಲೆ. ಡಬ್ಬಿಯಲ್ಲಿ ರಾಗಿ ಇನ್ನೂ ಮುಕ್ಕಾಲು ಕೆಜಿಗೆ ಮೇಲೆ ಇದೆ. ಆದರೆ ಸಂಕ್ರಾಂತಿಗೆ ಯಾರೂ ಗೋದಲಿ ಕಟ್ಟುವುದಿಲ್ಲವಲ್ಲ.